ಅಜ್ಜನ ಕವಳ, ಸಣ್ಣಜ್ಜನ ಕವಳ

ಶಿರಸಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಬಗ್ಗೆ ಉಪನ್ಯಾಸ, ಬಾಗಿಲಲ್ಲಿ ಕವಳದ, ಅಂದರೆ ಎಲೆ ಅಡಿಕೆಯ ತಟ್ಟೆ. ಇದು ಶಿರಸಿಯಲ್ಲಿ ಮಾತ್ರ ಸಾಧ್ಯ. ಒಳಗೆ ಬರುವಾಗ ಸಂಘಟಕರನ್ನು ಕೇಳಿದೆ, ಇದೆಂತದು ಅಂತ. "ಮೇಡಂ, ಅದಿಲ್ಲದಿದ್ರೆ ಜನ ಕೂರೋದಿಲ್ಲ" ಅಂದರು. ಸರಿ, ಕೂತಿದ್ದೀರಿ. ಬಾಯಲ್ಲಿ ಇರುವವರು ಹಾಗೇ ಕೂತಿರಿ. ನಡುವೆ ಎದ್ದುಹೋಗಿ ಉಗುಳಿ ಬಂದರೂ ನನಗೇನೂ ಬೇಸರವಿಲ್ಲ.

ನಾನು ಅಡಿಕೆ ಮನೆಯ ಮಗಳು. ಧಾರವಾಡದಲ್ಲಿ 31 ವರ್ಷ ಜೀವರಸಾಯನ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ಆ ಓದಿಗೆ ಫೀಸು ಕಟ್ಟಿದ್ದು ಚಾಲಿ ಅಡಿಕೆ. ಅಡಿಕೆ ದರ ಬಿದ್ದ ವರ್ಷ ನನ್ನ ಹಾಸ್ಟೆಲ್ ದುಡ್ಡು ಎರಡು ತಿಂಗಳು ತಡವಾಗುತ್ತಿತ್ತು. ಹಾಗಾಗಿ ಉಂಡ ಮನೆಗೆ ಎರಡು ಬಗೆಯೋಕೆ ಬಂದವಳಲ್ಲ. ಹಾಗಂತ ಸುಳ್ಳು ಹೇಳೋಕೂ ಬಂದಿಲ್ಲ.

ಈ ವಿಷಯ ಯಾಕೆ ಆರಿಸಿಕೊಂಡೆ ಅಂದರೆ, ಕಳೆದ ದೊಡ್ಡಹಬ್ಬಕ್ಕೆ ಅಣ್ಣನ ಮಗ ಊರಿಗೆ ಬಂದಿದ್ದ. ಬೆಂಗಳೂರಲ್ಲಿ ಕೆಲಸ. ಯಾವುದೋ ಕಂಪನಿಗೆ ಒಂದು ಸಣ್ಣ ಕೊಳವೆಯಲ್ಲಿ ಎಂಜಲು ತುಂಬಿ ಕೊರಿಯರ್ ಮಾಡಿದ್ದನಂತೆ. ಅವರು ಅವನ ಜೀನ್ ಓದಿ ವರದಿ ಕಳಿಸಿದ್ದಾರೆ. ಬಣ್ಣಬಣ್ಣದ ವರದಿ. ಕೆಂಪು, ಹಳದಿ, ಹಸಿರು. ಬಾಯಿ ಕ್ಯಾನ್ಸರ್ ಎದುರು ಹಸಿರು ಚುಕ್ಕಿ. "ನೋಡು ಅತ್ತೆ, ನಂಗೆ ಎಂತದೂ ಆಗ್ತಿಲ್ಲೆ" ಅಂದ. ಅಂದವನೇ ಜೇಬಿಂದ ಒಂದು ಪಾನ್ ಮಸಾಲೆ ಪೊಟ್ಟಣ ತೆಗೆದು ಹರಿದ. ಇನ್ನೊಂದು ಪೊಟ್ಟಣದ ಹೊಗೆಸೊಪ್ಪಿನ ಪುಡಿಯನ್ನು ಅದಕ್ಕೇ ಸುರಿದ. ಅಲುಗಾಡಿಸಿ ಬಾಯಿಗೆ ಹಾಕಿದ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಮೊದಲು ಒಂದೇ ಪೊಟ್ಟಣ ಇತ್ತು, ಈಗ ಎರಡು. ಬೆರೆಸುವ ಕೂಲಿ ಗಿರಾಕಿಯದು, ಅಷ್ಟೇ ವ್ಯತ್ಯಾಸ.

ಆ ಹಸಿರು ಚುಕ್ಕಿ ನನ್ನನ್ನು ಇಲ್ಲಿಗೆ ಎಳೆದುಕೊಂಡು ಬಂದಿದೆ. ಆ ಚುಕ್ಕಿಯ ಹಿಂದೆ ನಿಜವಾದ ವಿಜ್ಞಾನ ಇದೆ, ನಾನೇ ಅದನ್ನು ಪಾಠ ಮಾಡಿದವಳು. ಆದರೆ ಹುಡುಗ ಅದನ್ನು ಓದಿಕೊಂಡ ರೀತಿ ಪೂರ್ತಿ ತಿರುಗಾಮುರುಗಾ. ಅವನೊಬ್ಬನೇ ಅಲ್ಲ, ನಾವೆಲ್ಲ ಹಾಗೇ ಓದುತ್ತೇವೆ. ನಾನೂ ಓದಿದ್ದೆ. ಆ ಕಥೆ ಮೊದಲು ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ ಕ್ಷಮಿಸಿ, ನಿಮಗಿದು ಬಾಯಿಪಾಠ ಆಗಿರುತ್ತದೆ. ಆದರೆ ಇವತ್ತು ಕೊನೆ ಬೇರೆ ಇದೆ.

ನಮ್ಮ ಅಜ್ಜ ಹದಿನಾಲ್ಕನೇ ವಯಸ್ಸಿಗೆ ಕವಳ ಶುರು ಮಾಡಿದವ. ತೊಂಬತ್ತೊಂದಕ್ಕೆ ಹೋದ. ಬೆಳಿಗ್ಗೆ ತೋಟಕ್ಕೆ ಇಳಿಯುವ ಮುಂಚೆ ಒಂದು, ಆಸರಿ ಕುಡಿದ ಮೇಲೆ ಒಂದು, ಊಟದ ಮೇಲೆ ಒಂದು, ಯಾರಾದರೂ ಬಂದರೆ ಒಂದು, ಬಂದವರು ಹೊರಟರೆ ಇನ್ನೊಂದು. ಹಲ್ಲು ಹೋದ ಮೇಲೆ ಕುಟ್ಟಾಣಿ ಬಂತು. ಕುಟ್ಟುವ ಕೆಲಸ ನನ್ನದು. ಎಲೆಯ ತೊಟ್ಟು ಮುರಿಯಬೇಕು, ಬೆನ್ನಿಗೆ ಸುಣ್ಣ ಸವರಬೇಕು, ಅಡಿಕೆ ಹೋಳು ಹಾಕಿ ಕುಟ್ಟಬೇಕು. ಸುಣ್ಣ ಜಾಸ್ತಿ ಆದರೆ ಅಜ್ಜನ ನಾಲಿಗೆ ಸುಡುತ್ತಿತ್ತು, ನನ್ನ ಕಿವಿ ಕೆಂಪಾಗುತ್ತಿತ್ತು. ಮಳೆಗಾಲದ ಮಧ್ಯಾಹ್ನ ಆ ಟಕ್ ಟಕ್ ಸದ್ದಿಗೇ ಇಡೀ ಮನೆ ನಿದ್ದೆ ಮಾಡುತ್ತಿತ್ತು.

ಅಜ್ಜನ ತಮ್ಮ ಸಣ್ಣಜ್ಜ. ಅದೇ ಮನೆ, ಅದೇ ಸಂಚಿ. ಅಜ್ಜ ತೆಗೆದು ಸಣ್ಣಜ್ಜನಿಗೆ ದಾಟಿಸುತ್ತಿದ್ದ. ಸಣ್ಣಜ್ಜನಿಗೆ ಐವತ್ನಾಲ್ಕಕ್ಕೆ ಎಡಗೆನ್ನೆಯೊಳಗೆ ಹುಣ್ಣಾಯಿತು. ಮೊದಲು ಸುಣ್ಣ ಸುಟ್ಟಿದ್ದು ಅಂದುಕೊಂಡರು. ಆಮೇಲೆ ಹಲ್ಲು ತಾಗಿದ್ದು ಅಂದರು. ಬಾಯಿ ತೆರೆಯೋಕೆ ಆಗದೆ ಗಂಜಿ ಕುಡಿಸುವ ಹೊತ್ತಿಗೆ ಹುಬ್ಬಳ್ಳಿಗೆ ಒಯ್ದರು. ಮುಂದಿನ ಕೊನೆಕೊಯ್ಲಿಗೆ ಅವ ಇರಲಿಲ್ಲ.

ಅಣ್ಣತಮ್ಮಂದಿರು. ಒಂದೇ ತಾಯಿ, ಒಂದೇ ತೋಟದ ಅಡಿಕೆ, ಒಂದೇ ಬಚ್ಚಲ ಹೊಗೆ. ಒಬ್ಬನಿಗೆ ತೊಂಬತ್ತೊಂದು, ಇನ್ನೊಬ್ಬನಿಗೆ ಐವತ್ನಾಲ್ಕು. ಮನೆಯವರು ಹಣೆಬರಹ ಅಂದರು. ನಾನು ಓದಿ ಬಂದವಳಲ್ವಾ, ಕ್ಲಾಸಲ್ಲಿ "ಹಣೆಬರಹ ಅಲ್ಲ, ಜೀನ್ ಬರಹ" ಅಂತ ಹೇಳುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ನನಗೂ ಆ ಸಾಲಿನ ಬಗ್ಗೆ ಒಂಚೂರು ಜಂಬ ಇತ್ತು.

ಈ ಜೀನ್ ಬರಹ ಅಂದರೆ ಏನು? ಅದಕ್ಕೆ ಯಾಣಕ್ಕೆ ಹೋಗಬೇಕು. ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ ಅಂತ ನಮ್ಮಲ್ಲಿ ಮಾತಿದೆ. ಈಗ ರಸ್ತೆ ಆಗಿದೆ, ಸೊಕ್ಕು ಬೇಡ, ಪೆಟ್ರೋಲ್ ಇದ್ದರೆ ಸಾಕು. ಅಲ್ಲಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಭಸ್ಮಾಸುರ ಶಿವನಿಂದ ವರ ಪಡೆದ. ಯಾರ ತಲೆ ಮೇಲೆ ಕೈ ಇಟ್ಟರೂ ಅವರು ಬೂದಿ. ಮೊದಲು ಕೈ ಇಡೋಕೆ ಹೊರಟಿದ್ದು ವರ ಕೊಟ್ಟವನ ತಲೆಗೇ. ಕೊನೆಗೆ ಮೋಹಿನಿ ಬಂದು ಕುಣಿಸಿ ಅವನ ಕೈಯನ್ನು ಅವನ ತಲೆಗೇ ಇಡಿಸಿದಳು. ದೊಡ್ಡ ಬಂಡೆ ಭೈರವೇಶ್ವರ ಶಿಖರ, 120 ಮೀಟರ್. ಸ್ವಲ್ಪ ಗಿಡ್ಡದ್ದು ಮೋಹಿನಿ ಶಿಖರ, 90 ಮೀಟರ್. ಕಲ್ಲು ಕಪ್ಪಗಿರೋದು ಆ ಬೆಂಕಿಗೆ ಅಂತ ಹೇಳುತ್ತಾರೆ. ಅಂದಹಾಗೆ ಅದು ಸುಣ್ಣದ ಕಲ್ಲು. ಕವಳಕ್ಕೆ ಬೇಕಾದ ಒಂದು ಸಾಮಾನು ಅಲ್ಲೂ ಇದೆ ನೋಡಿ.

ನಮ್ಮ ಮೈಯೊಳಗೆ ದಿನಾ ಈ ಆಟ ನಡೆಯುತ್ತದೆ. ಹೊಗೆಯಲ್ಲಿ ಬೆಂಜೋಪೈರೀನ್ ಅನ್ನುವ ವಸ್ತು ಇದೆ. ಸಿಗರೇಟಿನ ಹೊಗೆಯಲ್ಲಿದೆ, ಸೌದೆ ಹೊಗೆಯಲ್ಲಿದೆ, ನಿಮ್ಮ ಬಚ್ಚಲ ಮನೆಯ ಅಟ್ಟದಿಂದ ನೇತಾಡುವ ಮಸಿಯ ಇಲ್ಲಣದಲ್ಲೂ ಇದೆ. ಅದು ತಾನಾಗಿ ಜೋರಿನದಲ್ಲ. ಜಿಡ್ಡಿನ ಜಾತಿ. ನೀರಿನಲ್ಲಿ ಕರಗೋದಿಲ್ಲ, ಹಾಗಾಗಿ ಮೂತ್ರದಲ್ಲಿ ಹೊರಗೆ ಹೋಗೋದಿಲ್ಲ. ಎಣ್ಣೆ ಪಾತ್ರೆಗೆ ಬರೀ ನೀರು ಹೊಯ್ದರೆ ಏನಾಗುತ್ತದೆ? ಸೀಗೆಪುಡಿ ಬೇಕು. ದೇಹದ ಸೀಗೆಪುಡಿ ಅಂದರೆ ಕಿಣ್ವಗಳು. ಸೈಟೋಕ್ರೋಮ್ ಪಿ450 ಅಂತ ಒಂದು ದೊಡ್ಡ ಕುಟುಂಬ. ಮನುಷ್ಯನಲ್ಲಿ ಇವುಗಳ 57 ಜೀನ್‌ಗಳಿವೆ. ಜಪಾನಿನ ಒಮುರಾ ಮತ್ತು ಸಾಟೊ 1962ರಲ್ಲಿ ಇಟ್ಟ ಹೆಸರು ಇದು. 450 ನ್ಯಾನೋಮೀಟರ್ ಬೆಳಕನ್ನು ಹೀರುವ ಬಣ್ಣ ಅಂತ ಅರ್ಥ, ಬೇರೇನೂ ಗುಟ್ಟಿಲ್ಲ.

ಇವುಗಳಲ್ಲಿ ಸಿವೈಪಿ1ಎ1 ಅನ್ನೋದು ಬೆಂಜೋಪೈರೀನ್‌ಗೆ ಒಂದು ಆಮ್ಲಜನಕ ಅಂಟಿಸುತ್ತದೆ. ಇನ್ನೊಂದು ಕಿಣ್ವ ನೀರು ಸೇರಿಸುತ್ತದೆ. ಮೊದಲನೆಯದು ಮತ್ತೆ ಬಂದು ಇನ್ನೊಂದು ಆಮ್ಲಜನಕ ಅಂಟಿಸುತ್ತದೆ. ತೊಳೆದು ಕಳಿಸುವ ಉದ್ದೇಶ, ಒಳ್ಳೇ ಉದ್ದೇಶ. ಶಿವನದ್ದೂ ಒಳ್ಳೇ ಉದ್ದೇಶವೇ ಆಗಿತ್ತು. ಆದರೆ ಆ ಮೂರನೇ ಹೆಜ್ಜೆಯಲ್ಲಿ ಹುಟ್ಟುವ ವಸ್ತುವಿಗೆ ಕೈ ಬಂದಿರುತ್ತದೆ. ಅದು ನೆಟ್ಟಗೆ ಹೋಗಿ ಡಿಎನ್‌ಎ ಮೇಲೆ ಕೈ ಇಡುತ್ತದೆ. 1996ರಲ್ಲಿ ಇದಕ್ಕೆ ಬೆರಳಚ್ಚೂ ಸಿಕ್ಕಿತು. ಪಿ53 ಅಂತ ಒಂದು ಜೀನ್, ಕೋಶ ಹದ್ದುಮೀರದ ಹಾಗೆ ಕಾಯುವ ಜೀನ್. ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅದು ಎಲ್ಲಿ ಹೆಚ್ಚಾಗಿ ಕೆಟ್ಟಿರುತ್ತದೋ, 157, 248, 273ನೇ ಜಾಗ, ಈ ವಸ್ತು ಪ್ರಯೋಗದಲ್ಲಿ ಹೋಗಿ ಅಂಟಿಕೊಂಡಿದ್ದೂ ಅಲ್ಲೇ.

ಇನ್ನು ಮೋಹಿನಿ. ಅವಳ ಹೆಸರು ಜಿಎಸ್‌ಟಿ. ಮುಖ ಸಿಂಡರಿಸಬೇಡಿ, ಇದು ಆ ತೆರಿಗೆ ಅಲ್ಲ. ಗ್ಲುಟಾಥಯೋನ್ ಎಸ್ ಟ್ರಾನ್ಸ್‌ಫರೇಸ್. ಕೈ ಬಂದ ಅಸುರನಿಗೆ ಗ್ಲುಟಾಥಯೋನ್ ಅನ್ನುವ ಬಾಲ ಕಟ್ಟಿ, ಕುಣಿಸಿಕೊಂಡು ಹೊರಗೆ ಕರೆದೊಯ್ಯುತ್ತಾಳೆ. ಯಕ್ಷಗಾನದ ಆಟದಲ್ಲಿ ಮೋಹಿನಿ ಬರುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ, ಅರ್ಧ ಜನ ಕಂಬಳಿ ಹೊದ್ದು ಮಲಗಿರುತ್ತಾರೆ. ನಾನು ಹುಡುಗಿಯಾಗಿದ್ದಾಗ ಒಂದು ಸಲವೂ ಮೋಹಿನಿಯನ್ನು ಪೂರ್ತಿ ನೋಡಿಲ್ಲ. ಅಜ್ಜ ಎಬ್ಬಿಸುತ್ತಿದ್ದ, "ಏಳೇ, ಬಂತು ಬಂತು" ಅಂತ. ಎದ್ದು ಕೂತರೆ ಅಸುರ ಆಗಲೇ ಬೂದಿ.

ಈಗ ಜೀನ್ ಬರಹಕ್ಕೆ ಬನ್ನಿ. ವರ ಕೊಡುವ ಕೈ ಎಲ್ಲರಲ್ಲೂ ಒಂದೇ ಅಲ್ಲ. ಕೆಲವರಲ್ಲಿ ಸಿವೈಪಿ1ಎ1 ಚುರುಕು, ಕೆಲವರಲ್ಲಿ ನಿಧಾನ. ಮೋಹಿನಿಯಂತೂ ಕೆಲವರ ಮನೆಯಲ್ಲಿ ಹುಟ್ಟಿಯೇ ಇಲ್ಲ. ಜಿಎಸ್‌ಟಿಎಂ1 ಅನ್ನುವ ಜೀನ್ ಅಪ್ಪನಿಂದಲೂ ಬಂದಿಲ್ಲ, ಅಮ್ಮನಿಂದಲೂ ಬಂದಿಲ್ಲ, ಜಾಗವೇ ಖಾಲಿ. ಯುರೋಪಿನಲ್ಲಿ ಸುಮಾರು ಅರ್ಧ ಜನ ಹೀಗೆ. ನಮ್ಮ ದೇಶದಲ್ಲಿ ಅಷ್ಟಿಲ್ಲ, ಆದರೂ ಈ ಸಭೆಯಲ್ಲಿ ಹತ್ತಾರು ಜನ ಇದ್ದೇ ಇದ್ದೀರಿ. ಅವರ ಹಾಗೆ ಕಾಣುತ್ತಾರೆ, ಇವರ ಹಾಗೆ ಕಾಣುತ್ತಾರೆ ಅಂತ ಅಕ್ಕಪಕ್ಕ ನೋಡಬೇಡಿ, ಮುಖದಲ್ಲಿ ಗೊತ್ತಾಗೋದಿಲ್ಲ. ಬೇರೆ ಜಿಎಸ್‌ಟಿಗಳು ಇರುತ್ತವೆ, ಮನೆ ನಡೆಯುತ್ತದೆ.

ಇದನ್ನು ಕೇಳಿದ ಕೂಡಲೇ ಒಂದು ಲೆಕ್ಕ ತಲೆಗೆ ಬರುತ್ತದೆ ಅಲ್ವಾ? ಚುರುಕಾದ ಶಿವ, ಜೊತೆಗೆ ಮೋಹಿನಿ ಇಲ್ಲ, ಹಾಗಾದರೆ ಕ್ಯಾನ್ಸರ್. ನಿಧಾನದ ಶಿವ, ಮೋಹಿನಿ ಇದ್ದಾಳೆ, ಹಾಗಾದರೆ ತೊಂಬತ್ತೊಂದು. ವಿಜ್ಞಾನಿಗಳಿಗೂ ಬಂತು. 1973ರಲ್ಲಿ ಅಮೆರಿಕದಲ್ಲಿ ಒಂದು ವರದಿ ಬಂತು. ಶ್ವಾಸಕೋಶದ ಕ್ಯಾನ್ಸರ್ ಇರುವ 50 ಜನರ ರಕ್ತ ನೋಡಿದರು, ಈ ಕಿಣ್ವ ಚುರುಕಾಗಿ ಏಳುವವರು ಅವರಲ್ಲಿ ಬಹಳ ಜಾಸ್ತಿ ಅಂದರು. ದೊಡ್ಡ ಸುದ್ದಿ. ಆಮೇಲೆ ಬೇರೆಯವರು ಮಾಡಿ ನೋಡಿದರೆ ಹಾಗೆ ಬರಲೇ ಇಲ್ಲ. 1990ರಲ್ಲಿ ಜಪಾನಿನಿಂದ ಜೀನ್ ಮಟ್ಟದ ವರದಿ ಬಂತು. ಮತ್ತೆ ಹುರುಪು. ಮುಂದೆ ನೂರಾರು ಸಣ್ಣ ಅಧ್ಯಯನಗಳು. ಒಂದರಲ್ಲಿ ಹೌದು, ಇನ್ನೊಂದರಲ್ಲಿ ಅಲ್ಲ. ಹೌದು ಅಂದಿದ್ದು ಅಚ್ಚಾಗುತ್ತಿತ್ತು, ಅಲ್ಲ ಅಂದಿದ್ದು ಕಪಾಟಿನಲ್ಲಿ ಕೂರುತ್ತಿತ್ತು. ನನ್ನ ಕಪಾಟಿನಲ್ಲೂ ಒಂದು ಕೂತಿತ್ತು. 60 ಜನರ ಮಾದರಿ. ಏನೂ ಬರಲಿಲ್ಲ. ಬಂದಿದ್ದರೆ ಖಂಡಿತ ಅಚ್ಚು ಹಾಕಿಸುತ್ತಿದ್ದೆ, ಮುಚ್ಚಿಡೋದೇನು.

ಆದರೆ ಎಲ್ಲವೂ ಸುಳ್ಳಲ್ಲ. ಗಟ್ಟಿಯಾಗಿ ನಿಂತಿದ್ದು ಮೂತ್ರಕೋಶದ ಕ್ಯಾನ್ಸರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನನ್ನ ಇಡೀ ವಾದ ಇಲ್ಲೇ ಇದೆ.

ಟಿಬಿಗೆ ಐಸೋನಿಯಾಜಿಡ್ ಮಾತ್ರೆ ಬಂದಿದ್ದು 1952ರಲ್ಲಿ. ಕೆಲವು ರೋಗಿಗಳ ಮೈಯಿಂದ ಅದು ಬೇಗ ಹೋಗುತ್ತಿತ್ತು, ಕೆಲವರಲ್ಲಿ ಉಳಿದುಬಿಡುತ್ತಿತ್ತು, ಅವರ ಕೈಕಾಲು ಜೋಮು ಹಿಡಿಯುತ್ತಿತ್ತು. ನೋಡಿದರೆ ಅದು ವಂಶದಲ್ಲಿ ಬರುವ ಗುಣ. ಎನ್‌ಎಟಿ2 ಅನ್ನುವ ಕಿಣ್ವದ ಆಟ. ಬೇಗದವರು, ನಿಧಾನದವರು ಅಂತ ಎರಡು ಪಂಗಡ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿಧಾನದವರು. ಅದನ್ನು ಸಭೆ ಶುರುವಾದ ಹೊತ್ತು ನೋಡಿಯೇ ಹೇಳಬಹುದಿತ್ತು, ಬಿಡಿ.

ಇದೇ ಕಿಣ್ವ ಬಣ್ಣದ ಕಾರ್ಖಾನೆಗಳ ಅಮೀನ್ ಅನ್ನುವ ವಸ್ತುಗಳನ್ನೂ ತೊಳೆದು ಕಳಿಸುತ್ತದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಬಟ್ಟೆ ಮತ್ತು ಬಣ್ಣದ ಊರು. 1982ರಲ್ಲಿ ಅಲ್ಲಿನ ಬಣ್ಣದ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಆದ 23 ಜನರನ್ನು ನೋಡಿದರು. 22 ಜನ ನಿಧಾನದವರು. ಬೇಗ ತೊಳೆಯುವವರು ಬಚಾವು, ನಿಧಾನದವರು ಸಿಕ್ಕಿಬಿದ್ದರು. ಕ್ಲಾಸಲ್ಲಿ ಈ ಸಂಖ್ಯೆ ಹೇಳಿದರೆ ಹಿಂದಿನ ಬೆಂಚಿನವನೂ ಎದ್ದು ಕೂರುತ್ತಿದ್ದ.

ಆದರೆ ಒಂದು ಪ್ರಶ್ನೆ. ಹಡರ್ಸ್‌ಫೀಲ್ಡಿನಲ್ಲಿ ಅಂಚೆಯವನೂ ಇದ್ದ, ಶಾಲೆ ಮಾಸ್ತರನೂ ಇದ್ದ. ಅವರಲ್ಲೂ ನಿಧಾನದವರು ಎಷ್ಟೋ ಜನ. ಅವರಿಗೆ ಆ ಬಣ್ಣದ ಕ್ಯಾನ್ಸರ್ ಯಾಕೆ ಬರಲಿಲ್ಲ? ಅವರು ಬಣ್ಣದ ಕೊಪ್ಪರಿಗೆ ಹತ್ತಿರ ನಿಂತಿರಲಿಲ್ಲ. ಅಷ್ಟೇ. ಅಸುರನೇ ಬಾರದಿದ್ದರೆ ಶಿವ ವರ ಕೊಡೋದು ಯಾರಿಗೆ?

ಇನ್ನೂ ಒಂದು ತಮಾಷೆ ಇದೆ. ಚೀನಾದಲ್ಲಿ ಬೆಂಜಿಡಿನ್ ಅನ್ನುವ ಇನ್ನೊಂದು ಬಣ್ಣದ ವಸ್ತುವಿನ ಕೆಲಸಗಾರರನ್ನು ನೋಡಿದರು. ಅಲ್ಲಿ ನಿಧಾನದವರಿಗೆ ಹೆಚ್ಚಿನ ಅಪಾಯ ಕಾಣಲೇ ಇಲ್ಲ. ಯಾಕೆಂದರೆ ಆ ವಸ್ತುವಿಗೆ ಇದೇ ಕಿಣ್ವ ವರ ಕೊಡೋಕೂ ಬರುತ್ತದೆ. ಒಂದು ಊರಲ್ಲಿ ಮೋಹಿನಿ, ಇನ್ನೊಂದು ಊರಲ್ಲಿ ಶಿವ. ಸಿವೈಪಿ1ಎ1 ಕೂಡ ಹಾಗೇ. 2004ರಲ್ಲಿ ಆ ಜೀನ್ ತೆಗೆದುಹಾಕಿದ ಇಲಿಗಳಿಗೆ ಬೆಂಜೋಪೈರೀನ್ ತಿನ್ನಿಸಿದರು. ವರ ಕೊಡುವವನೇ ಇಲ್ಲ, ಬದುಕಬೇಕಿತ್ತು ಅಲ್ವಾ? ಒಂದು ತಿಂಗಳಲ್ಲಿ ಸತ್ತವು. ಜೀನ್ ಇದ್ದ ಇಲಿಗಳು ಆರಾಮಾಗಿ ಓಡಾಡಿಕೊಂಡಿದ್ದವು. ಕರುಳಿನಲ್ಲಿ ಅದೇ ಕಿಣ್ವ ವಿಷವನ್ನು ಬೇಗ ಬೇಗ ತೊಳೆದು ಕಳಿಸುತ್ತಿತ್ತು. ಈಗ ಹೇಳಿ, ಅಣ್ಣನ ಮಗನ ವರದಿಯಲ್ಲಿ ಈ ಜೀನಿಗೆ ಯಾವ ಬಣ್ಣದ ಚುಕ್ಕಿ ಇಡೋದು?

ಹೊಗೆಸೊಪ್ಪಿಗೆ ಬರುತ್ತೇನೆ. ಅದರಲ್ಲಿ ಎನ್‌ಎನ್‌ಎನ್, ಎನ್‌ಎನ್‌ಕೆ ಅನ್ನುವ, ಕ್ಯಾನ್ಸರ್ ತರುವ ಎರಡು ನೈಟ್ರೋಸಮೀನ್ ಇವೆ. ಸೇದಬೇಕಂತಿಲ್ಲ, ಕೆನ್ನೆಯಲ್ಲಿ ಇಟ್ಟುಕೊಂಡರೂ ಬರುತ್ತವೆ. ಇವಕ್ಕೂ ತಾವಾಗಿ ಕೈ ಇಲ್ಲ, ಸಿವೈಪಿ2ಎ6 ಮತ್ತು ಅದರ ದಾಯಾದಿಗಳು ಕೈ ಕೊಡುತ್ತವೆ. ಈ 2ಎ6 ಇನ್ನೊಂದು ಕೆಲಸ ಮಾಡುತ್ತದೆ, ನಿಕೋಟಿನ್ ಅನ್ನು ರಕ್ತದಿಂದ ತೆಗೆಯುತ್ತದೆ. ಜಪಾನಿನಲ್ಲಿ ಕೆಲವರಿಗೆ ಈ ಜೀನೇ ಇಲ್ಲ. ಅವರಿಗೆ ಒಂದು ಸಿಗರೇಟಿನ ನಿಕೋಟಿನ್ ಬಹಳ ಹೊತ್ತು ನಿಲ್ಲುತ್ತದೆ, ಇನ್ನೊಂದು ಬೇಗ ಬೇಕು ಅನ್ನಿಸೋದಿಲ್ಲ, ಕಡಿಮೆ ಸೇದುತ್ತಾರೆ. ಸೇದಿದ್ದಕ್ಕೂ ಕೈ ಕಡಿಮೆ ಬರುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಅವರಲ್ಲಿ ಕಡಿಮೆ. ಜೀನ್ ಕಾಪಾಡಿತು ಅನ್ನಿ ಬೇಕಾದರೆ. ಆದರೆ ಹೇಗೆ ಕಾಪಾಡಿತು? ಅರ್ಧ ಪಾಲು, ಸಂಚಿಗೆ ಕೈ ಹಾಕೋದನ್ನು ಕಡಿಮೆ ಮಾಡಿಸಿ! 2008ರಲ್ಲಿ ಇಡೀ ಜೀನ್ ಸಮೂಹವನ್ನು ಜಾಲಾಡಿ ಮೂರು ತಂಡಗಳು ಶ್ವಾಸಕೋಶದ ಕ್ಯಾನ್ಸರ್ ಜೊತೆ ನಂಟಿರುವ ಒಂದು ಜಾಗ ಹಿಡಿದವು. ಅಲ್ಲಿ ಇದ್ದಿದ್ದು ಕೋಶದ ಮೇಲೆ ನಿಕೋಟಿನ್ ಹಿಡಿದುಕೊಳ್ಳುವ ಗ್ರಾಹಕದ ಜೀನ್‌ಗಳು. ಚಟದ ಜೀನ್‌ಗಳು. ಜೀನ್ ಹುಡುಕುತ್ತಾ ಹೋದವರು ಸುತ್ತಿ ಬಳಸಿ ಬೀಡಿ ಅಂಗಡಿ ಮುಂದೇ ಬಂದು ನಿಂತರು.

ಈಗ ಅಜ್ಜನ ಕಥೆಯ ಹೊಸ ಕೊನೆ. ನಿವೃತ್ತಿ ಆದ ಮೇಲೆ ಒಂದು ಮಳೆಗಾಲ ದೊಡ್ಡತ್ತೆ ಮನೆಯಲ್ಲಿದ್ದೆ. ಅಜ್ಜನ ಮಗಳು, ಎಂಬತ್ತಾರು ವಯಸ್ಸು, ನೆನಪು ಚಾಕುವಿನ ಹಾಗೆ. ನಾನು ನನ್ನ ಜೀನ್ ಬರಹದ ಕಥೆಯನ್ನು ಅವಳಿಗೂ ಹೇಳಿದೆ. ಒಂದೇ ಸಂಚಿ, ಒಂದೇ ಕವಳ ಅಂದೆ. ಅತ್ತೆ ಬತ್ತಿ ಹೊಸೆಯುತ್ತಿದ್ದವಳು ನಿಲ್ಲಿಸಿದಳು. "ಒಂದೇ ಕವಳ ಹೇಳಿ ನಿಂಗೆ ಯಾರು ಹೇಳಿದ್ದು ತಂಗಿ? ಅಪ್ಪಯ್ಯ ಹೊಗೆಸೊಪ್ಪು ಮುಟ್ಟಿದ್ದೇ ಇಲ್ಲೆ."

ನನಗೆ ಮಾತೇ ಹೊರಡಲಿಲ್ಲ. ಅತ್ತೆ ಮುಂದುವರಿಸಿದಳು. ಅಜ್ಜನಿಗೆ ಎಲೆ, ಅಡಿಕೆ, ಸುಣ್ಣ, ಯಾವಾಗಾದರೂ ಒಂದು ಲವಂಗ. ಅಗಿದು ಉಗಿದು ಬಾಯಿ ಮುಕ್ಕಳಿಸುತ್ತಿದ್ದ. ಸಣ್ಣಜ್ಜನ ಹತ್ತಿರ ಬೇರೆ ಡಬ್ಬಿ ಇತ್ತು, ಸೊಂಟದಲ್ಲಿ. ಹೊಗೆಸೊಪ್ಪಿನ ಎಸಳು. ಅಜ್ಜನ ಕಣ್ಣು ತಪ್ಪಿಸಿ ಹಾಕುತ್ತಿದ್ದ. ರಾತ್ರಿ ಎಡಗೆನ್ನೆಯಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದ. ಬೆಳಿಗ್ಗೆ ತಲೆದಿಂಬು ಕೆಂಪಗಿರುತ್ತಿತ್ತು, ತೊಳೆಯುತ್ತಿದ್ದವಳು ಅತ್ತೆಯೇ.

ಎಡಗೆನ್ನೆ. ಹುಣ್ಣು ಎದ್ದ ಕೆನ್ನೆ. 31 ವರ್ಷ ಪಾಠ ಮಾಡಿದವಳು ನಾನು, ಕುಟ್ಟಾಣಿಯಲ್ಲಿ ಕುಟ್ಟಿದವಳು ನಾನು. ಸಣ್ಣಜ್ಜನ ಡಬ್ಬಿಯಲ್ಲಿ ಏನಿತ್ತು ಅಂತ ಒಂದು ಮಾತು ಕೇಳಿರಲಿಲ್ಲ. ಜೀನ್ ಅನ್ನೋದು ಎಷ್ಟು ಚಂದದ ಉತ್ತರ ಅಂದರೆ, ಸಿಕ್ಕ ಕೂಡಲೇ ಬೇರೆ ಪ್ರಶ್ನೆ ಕೇಳೋದನ್ನೇ ನಿಲ್ಲಿಸಿಬಿಡುತ್ತೇವೆ. ಜೀನ್ ಪಾತ್ರ ಇರಲಿಲ್ಲ ಅಂತ ಈಗ ಹೇಳುತ್ತಿಲ್ಲ. ಹೊಗೆಸೊಪ್ಪು ಹಾಕಿದ ಎಲ್ಲರಿಗೂ ಐವತ್ನಾಲ್ಕಕ್ಕೆ ಹುಣ್ಣಾಗೋದಿಲ್ಲ. ಆದರೆ ಡಬ್ಬಿ ಮೊದಲು, ಜೀನ್ ಆಮೇಲೆ.

ಸಂಖ್ಯೆ ಬೇಕು ಅನ್ನುವವರಿಗೆ ಇಟ್ಟು ತೂಗಿ ಹೇಳುತ್ತೇನೆ. ಎನ್‌ಎಟಿ2 ನಿಧಾನ ಇದ್ದರೆ, ಜಿಎಸ್‌ಟಿಎಂ1 ಇಲ್ಲದಿದ್ದರೆ, ಮೂತ್ರಕೋಶದ ಕ್ಯಾನ್ಸರ್ ಅಪಾಯ ಒಂದೂವರೆ ಪಟ್ಟಿನ ಆಸುಪಾಸು. ಇದು ಈ ಜಾತಿಯ ಜೀನ್‌ಗಳಲ್ಲಿ ಗಟ್ಟಿಯಾಗಿ ನಿಂತ ಸಂಖ್ಯೆ. ಈಗ ಈ ಕಡೆ ನೋಡಿ. ನಮ್ಮ ಉಪಖಂಡದ ಅಧ್ಯಯನಗಳನ್ನೆಲ್ಲ ಕೂಡಿಸಿ 2014ರಲ್ಲಿ ಲೆಕ್ಕ ಹಾಕಿದ್ದಾರೆ. ಹೊಗೆಸೊಪ್ಪು ಹಾಕಿದ ಕವಳದಿಂದ ಬಾಯಿ ಕ್ಯಾನ್ಸರ್ ಅಪಾಯ ಸುಮಾರು ಏಳೂವರೆ ಪಟ್ಟು. ಹೊಗೆಸೊಪ್ಪು ಇಲ್ಲದ ಕವಳದಿಂದ ಸುಮಾರು ಎರಡೂವರೆ ಪಟ್ಟು.

ಗೊತ್ತು, ಎರಡನೇ ಸಂಖ್ಯೆ ಕೇಳಿ ಮೂರನೇ ಸಾಲಿನಲ್ಲಿ ಗುಜುಗುಜು ಶುರುವಾಯಿತು. ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರೋದು ಖಚಿತ ಅನ್ನುವ ಗುಂಪಿಗೆ ಹಾಕಿತು. ಅದರಲ್ಲಿರುವ ಅರೆಕೋಲಿನ್ ಒಂದನ್ನೇ ಬೇರೆ ಮಾಡಿ ನೋಡಿದಾಗ "ಆಗಬಹುದು" ಅನ್ನುವ ಕೆಳಗಿನ ಗುಂಪಿಗೆ ಹಾಕಿದರು. ನಮ್ಮವರು ಎರಡನೆಯದನ್ನು ಮಾತ್ರ ವಾಟ್ಸ್ಯಾಪಲ್ಲಿ ಕಳಿಸುತ್ತಾರೆ. ಇನ್ನೊಂದು ವಿಷಯ, ಈ ಗುಂಪುಗಳು ಸಾಕ್ಷಿ ಎಷ್ಟು ಗಟ್ಟಿ ಅಂತ ಹೇಳುತ್ತವೆ, ವಿಷ ಎಷ್ಟು ಜೋರು ಅಂತ ಅಲ್ಲ. ಅದನ್ನು ನಮ್ಮ ಪರವಾಗಿ ಹೇಳಬಹುದು, ನಾನು ಹೇಳುತ್ತಲೂ ಇದ್ದೇನೆ. ಆದರೆ ಎರಡೂವರೆ ಪಟ್ಟನ್ನು ಒಂದು ಮಾಡೋಕೆ ನನ್ನಿಂದ ಆಗೋದಿಲ್ಲ. ನಮ್ಮಜ್ಜ ಅದರಲ್ಲಿ ಬಚಾವಾದ. ಬಚಾವಾದವರ ಮೊಮ್ಮಕ್ಕಳು ಉಪನ್ಯಾಸ ಮಾಡುತ್ತಾರೆ. ಬಚಾವಾಗದವರ ಕಥೆ ಹೇಳೋಕೆ ಮನೆಯವರಿಗೇ ಮನಸ್ಸಿರೋದಿಲ್ಲ.

ಚೀಟಿ ಬಂತು. ಹದಿನೈದು ನಿಮಿಷ ಅಂತ ಇರಬೇಕು, ಓ, ಐದು. ಹಾಗಾದರೆ ಬೇಗ ಬೇಗ.

ಮಸಿಯ ಇತಿಹಾಸ ಹೇಳಬೇಕು ಅಂದುಕೊಂಡಿದ್ದೆ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಹೊಗೆಗೂಡು ಗುಡಿಸುವವರ ವೃಷಣದ ಚರ್ಮದ ಕ್ಯಾನ್ಸರ್‌ಗೆ ಮಸಿ ಕಾರಣ ಅಂದ. 1915ರಲ್ಲಿ ಯಾಮಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಬಳಿದು ಕ್ಯಾನ್ಸರ್ ಬರಿಸಿದರು. 1930ರ ದಶಕದಲ್ಲಿ ಲಂಡನ್ನಿನಲ್ಲಿ 2 ಟನ್ ಡಾಂಬರಿನಿಂದ ಕೆಲವೇ ಗ್ರಾಂ ಬೆಂಜೋಪೈರೀನ್ ತೆಗೆದರು. ವಸ್ತುವಿಗೆ ಕೈ ಕೊಡೋದು ದೇಹವೇ ಅಂತ ತೋರಿಸಿದವರು ಅಮೆರಿಕದ ಮಿಲ್ಲರ್ ದಂಪತಿ. ಇದು ಒಂದು ಗಂಟೆಯ ಪಾಠ, ಅರ್ಧ ನಿಮಿಷದಲ್ಲಿ ಮುಗಿಸಿದೆ, ಪಾಟ್ ಸಾಹೇಬರು ಕ್ಷಮಿಸಲಿ.

ಒಂದನ್ನು ಮಾತ್ರ ಬಿಡೋದಿಲ್ಲ. ಚೀನಾದ ಯುನ್ನಾನ್‌ನಲ್ಲಿ ಷ್ವಾನ್‌ವೇ ಅಂತ ಒಂದು ಪ್ರದೇಶ. ಅಲ್ಲಿನ ಹೆಂಗಸರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ವಿಪರೀತ. ಮನೆಯೊಳಗೆ ಹೊಗೆಗೂಡಿಲ್ಲದ ಕಲ್ಲಿದ್ದಲ ಒಲೆ. ಅಲ್ಲಿ ಜೀನನ್ನೂ ನೋಡಿದ್ದಾರೆ, ಜಿಎಸ್‌ಟಿಎಂ1 ಇಲ್ಲದವರಿಗೆ ಅಪಾಯ ಜಾಸ್ತಿ ಕಂಡಿದೆ. ಆಮೇಲೆ ಒಲೆಗಳಿಗೆ ಹೊಗೆಗೂಡು ಹಾಕಿದರು. 2002ರಲ್ಲಿ ಲೆಕ್ಕ ಬಂತು, ಹೊಗೆಗೂಡು ಹಾಕಿಸಿಕೊಂಡ ಮನೆಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಕ್ಯಾನ್ಸರ್ ನೂರಕ್ಕೆ 40ರಷ್ಟು ಇಳಿದಿತ್ತು. ಯಾರ ಜೀನನ್ನೂ ಬದಲಿಸಲಿಲ್ಲ. ಮೋಹಿನಿ ಇಲ್ಲದ ಮನೆಯಲ್ಲಿ ಮೋಹಿನಿ ಇರಲೇ ಇಲ್ಲ. ಆದರೆ ಅಸುರ ಹೊಗೆಗೂಡಿನಲ್ಲಿ ಮೇಲೆ ಹೋದ. ನಮ್ಮಲ್ಲಿ ಹೊಗೆಗೂಡಿನ ಅಸ್ತ್ರ ಒಲೆ ಬಂದಾಗ ಎಷ್ಟು ಜನ ನಕ್ಕಿದ್ದರು, ನೆನಪಿದೆಯಾ? ಅಡುಗೆಮನೆಗೆ ಹಾಕಿಸಿಕೊಂಡೆವು, ಬಚ್ಚಲ ಒಲೆಯನ್ನು ಹಾಗೇ ಬಿಟ್ಟೆವು. ಆ ಒಲೆ ಊದಿದವಳು ನಾನು, ಕಣ್ಣು ಈಗಲೂ ಉರಿಯುತ್ತದೆ.

ಕಾರವಾರದಿಂದ ಬಂದ ಗೆಳೆಯರು ಬಂಗಡೆ ಸುಡೋದರ ಬಗ್ಗೆ ಕೇಳಿದ್ದರು. ನಮ್ಮ ಮನೆಯಲ್ಲಿ ಮೀನಿಲ್ಲ, ಆದರೆ ರಸಾಯನಕ್ಕೆ ಮಡಿ ಇಲ್ಲ. ಕರಕಲಾದ ಭಾಗದಲ್ಲಿ ಅಮೀನ್‌ಗಳು ಹುಟ್ಟುತ್ತವೆ, ಜಪಾನಿನ ಸುಗಿಮುರಾ 1970ರ ದಶಕದಲ್ಲಿ ಸುಟ್ಟ ಮೀನಿನಲ್ಲೇ ಇದರ ಸುಳಿವು ಹಿಡಿದಿದ್ದು. ಕರಕಲು ಕೆರೆದು ತಿನ್ನಿ, ಸಾರು ಮಾಡಿದರೆ ಇನ್ನೂ ಒಳ್ಳೆಯದು. ಕೈಗಾ ಅಣುಸ್ಥಾವರದ ಬಗ್ಗೆ ಚೀಟಿ ಬಂದಿದೆ. ವಿಕಿರಣಕ್ಕೆ ಯಾರ ವರವೂ ಬೇಡ, ಅದು ಬೇರೆ ಪಾಠ, ಬೇರೆ ದಿನ. ಕಾಫಿ ಕುಡಿಯೋದಕ್ಕೂ ಈ ಜೀನ್‌ಗಳಿಗೂ ನಂಟಿದೆ, ಸ್ವಾರಸ್ಯದ ವಿಷಯ, ಬಿಟ್ಟೆ.

ಅಣ್ಣನ ಮಗ ಇವತ್ತು ಬಂದಿದ್ದಾನೆ, ಹಿಂದೆ ಕಿಟಕಿ ಹತ್ತಿರ ನಿಂತಿದ್ದಾನೆ. ಹೆಸರು ಹೇಳೋದಿಲ್ಲ. ಅವನಿಗೆ ಎಂಜಲು ಕಳಿಸದೆ, ದುಡ್ಡು ಕೊಡದೆ ಮಾಡುವ ಒಂದು ಪರೀಕ್ಷೆ ಹೇಳಿಕೊಟ್ಟು ಮುಗಿಸುತ್ತೇನೆ. ನಿಮ್ಮ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಜೋಡಿಸಿ. ಒಂದರ ಮೇಲೊಂದು ಬರುವ ಹಾಗೆ ಕೈ ಅಡ್ಡ ತಿರುಗಿಸಿ ಬಾಯಿಗೆ ಹಾಕಿ ನೋಡಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ. ಮೂರೂ ಹೋದರೆ ಸರಿ. ಎರಡೇ ಹೋದರೆ ಕೆನ್ನೆಯೊಳಗಿನ ಪದರ ಬಿಗಿಯುತ್ತಾ ಬಂದಿರಬಹುದು, ಅಡಿಕೆ ಅಗಿಯುವವರಲ್ಲಿ ಹಾಗಾಗುತ್ತದೆ, ಕೆಲವರಲ್ಲಿ ಮುಂದೆ ಅದು ಕ್ಯಾನ್ಸರ್ ಆಗುತ್ತದೆ. ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಸುಣ್ಣ ಸುಟ್ಟಿದ್ದು ಅಂತ ಕೂರಬೇಡಿ, ದಂತವೈದ್ಯರಿಗೆ ತೋರಿಸಿ.

ಈಗಲೇ ಮಾಡಿ, ನಾನು ಕಾಯುತ್ತೇನೆ. ಬಾಯಲ್ಲಿ ಕವಳ ಇರುವವರು ಮೊದಲು ಉಗುಳಿ ಬನ್ನಿ. ನಾಚಿಕೆ ಎಂತದು, ಎಲ್ಲರೂ ಬಾಯಿ ತೆರೆದೇ ಇದ್ದಾರೆ. ಹಾಂ, ಹಾಗೆ. ಹಿಂದೆ ಕಿಟಕಿ ಹತ್ತಿರ ನಿಂತವನೂ.

ಅಧ್ಯಕ್ಷರೇ, ನೀವೂ.